ತುಪ್ಪೆಯಿಂದ ಸೈಲೊವರೆಗೆ: ರಾಶಿಯ ಲೆಕ್ಕ

ಮಂಗಳೂರಿನಿಂದ ಸುರತ್ಕಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೀರಿ ಎನ್ನಿ. ಕೂಳೂರು ಸೇತುವೆ ದಾಟಿದ ಮೇಲೆ ಪಣಂಬೂರು ಬರುತ್ತದೆ. ಎಡಗಡೆ ಕಡಲು, ಕಡಲಿಗೆ ತಾಗಿ ನವಮಂಗಳೂರು ಬಂದರು. 1974ರಲ್ಲಿ ದೇಶದ ಒಂಬತ್ತನೆಯ ದೊಡ್ಡ ಬಂದರು ಎಂದು ಘೋಷಣೆಯಾದ ಈ ಬಂದರಿಗೆ ಬರುವ ಸರಕುಗಳಲ್ಲಿ ಸಡಿಲ ಸಿಮೆಂಟ್ ಸಹ ಒಂದು. ಅದು ಚೀಲದಲ್ಲಿ ಬರುವುದಿಲ್ಲ. ಹಡಗಿನ ಒಡಲಲ್ಲಿ ಪುಡಿಯಾಗಿಯೇ ಬರುತ್ತದೆ. ಗಾಳಿಯ ಒತ್ತಡದಿಂದ ಅದನ್ನು ಕೊಳವೆಗಳ ಮೂಲಕ ಎತ್ತರದ ಉರುಳೆಯಾಕಾರದ ಗೋಪುರಗಳಿಗೆ ಏರಿಸುತ್ತಾರೆ. ಈ ಗೋಪುರಗಳೇ ಸೈಲೊಗಳು. ಅಲ್ಲಿಂದ ಕೆಳಕ್ಕೆ ಇಳಿದ ಸಿಮೆಂಟ್ ಟ್ಯಾಂಕರ್ ಲಾರಿಗಳಲ್ಲೋ ಚೀಲಗಳಲ್ಲೋ ಊರೂರಿಗೆ ಹೋಗುತ್ತದೆ.

ಒಂದು ಸರಳ ಪ್ರಶ್ನೆ. ಈ ಹೊತ್ತಿಗೆ ಸೈಲೊದೊಳಗೆ ಎಷ್ಟು ಟನ್ ಸಿಮೆಂಟ್ ಇದೆ?

ಹಡಗಿನಲ್ಲಿದ್ದಾಗ ಅದರ ತೂಕ ಗೊತ್ತಿತ್ತು. ಹಡಗು ಎಷ್ಟು ಮುಳುಗಿದೆ ಎಂಬುದನ್ನು ಅದರ ಮೈಮೇಲೆ ಬರೆದ ಅಂಕಿಗಳಿಂದ ಓದುತ್ತಾರೆ. ಮುಂದೆ, ನಡುವೆ, ಹಿಂದೆ, ಎರಡೂ ಬದಿ ಸೇರಿ ಒಟ್ಟು 6 ಕಡೆ. ಸರಕು ಇಳಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ಓದಿ, ಬಂದರಿನ ನೀರಿನ ಸಾಂದ್ರತೆಯನ್ನೂ ಅಳೆದು, ಇಂಧನ ಮತ್ತು ನಿಲುಭಾರದ ನೀರಿನ ಲೆಕ್ಕ ಕಳೆದರೆ ಇಳಿದ ಸರಕಿನ ತೂಕ ಸಿಗುತ್ತದೆ. ಆರ್ಕಿಮಿಡೀಸನ ತತ್ವವೇ ತಕ್ಕಡಿ. ಲಾರಿಗೆ ತುಂಬಿದ ಮೇಲೂ ತೂಕ ಗೊತ್ತು, ವೇಬ್ರಿಡ್ಜ್ ಇದೆ. ಇವೆರಡರ ನಡುವೆ, ಸೈಲೊದ ಒಳಗೆ ಇರುವಷ್ಟು ಕಾಲ ಮಾತ್ರ ಅದರ ತೂಕ ಯಾರಿಗೂ ನೇರವಾಗಿ ಕಾಣದು.

ಹಡಗಿನಿಂದ ಬಂದದ್ದರಲ್ಲಿ ಲಾರಿಯಲ್ಲಿ ಹೋದದ್ದನ್ನು ಕಳೆದರಾಯಿತಲ್ಲ ಎನ್ನುತ್ತೀರಿ. ಕಳೆಯಬಹುದು. ಆದರೆ ಹಡಗಿನ ಅಳತೆಯಲ್ಲಿ ಶೇಕಡ ಅರ್ಧದಷ್ಟು ತಪ್ಪು ಸಾಮಾನ್ಯ ಎಂದಿಟ್ಟುಕೊಳ್ಳಿ. 5000 ಟನ್ನಿನ ಹಡಗಿಗೆ ಅದು 25 ಟನ್. ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಮೆ ಎಂದು ಯಾದೃಚ್ಛಿಕವಾಗಿದ್ದರೆ 20 ಹಡಗುಗಳ ನಂತರ ಲೆಕ್ಕ ಸುಮಾರು 110 ಟನ್ ಅತ್ತಿತ್ತ ಆಗಿರುತ್ತದೆ (25ನ್ನು 20ರ ವರ್ಗಮೂಲದಿಂದ ಗುಣಿಸಿ ನೋಡಿ). ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲಿದ್ದರೆ 500 ಟನ್. ಪುಸ್ತಕದಲ್ಲಿ ಇದ್ದೂ ಸೈಲೊದಲ್ಲಿ ಇಲ್ಲದ 500 ಟನ್ನಿಗೆ ಯಾರು ಉತ್ತರ ಹೇಳಬೇಕು? ಕೊನೆಗೆ ಉಗ್ರಾಣದ ಗುಮಾಸ್ತನನ್ನೇ ಕರೆದು ಕೇಳುತ್ತಾರೆ. ಆದ್ದರಿಂದ ಸೈಲೊವನ್ನು ಸ್ವತಂತ್ರವಾಗಿ ಅಳೆಯದೆ ವಿಧಿಯಿಲ್ಲ.

ಈ ಸಮಸ್ಯೆ ಸಿಮೆಂಟಿನಷ್ಟು ಹೊಸದಲ್ಲ. ಕಣಜದಷ್ಟು ಹಳೆಯದು.

ಕಣದಲ್ಲಿ ಸುರಿದ ಧಾನ್ಯದ ರಾಶಿಯಲ್ಲಿ ಎಷ್ಟು ಧಾನ್ಯವಿದೆ ಎಂಬುದನ್ನು ಅಳೆದು ಮುಗಿಸುವ ಮೊದಲೇ ಹೇಳುವ ವಿಧಾನಕ್ಕೆ ನಮ್ಮ ಗಣಿತಗ್ರಂಥಗಳಲ್ಲಿ ಒಂದು ಪ್ರತ್ಯೇಕ ಪ್ರಕರಣವೇ ಇದೆ. ಹೆಸರು ರಾಶಿವ್ಯವಹಾರ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಇದನ್ನು ಹೇಳಿದ್ದಾನೆ. 1150ರಲ್ಲಿ ಭಾಸ್ಕರಾಚಾರ್ಯ ‘ಲೀಲಾವತಿ’ಯಲ್ಲಿ ಮತ್ತೆ ಹೇಳಿದ್ದಾನೆ. ಸೂತ್ರ ಇಷ್ಟೇ: ರಾಶಿಯ ಸುತ್ತಳತೆಯನ್ನು ಅಳೆಯಿರಿ. ದಪ್ಪ ಕಾಳಾದರೆ ರಾಶಿಯ ಎತ್ತರ ಸುತ್ತಳತೆಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಭಾಗ, ಭತ್ತದಂತೆ ಮುಳ್ಳಿರುವ ಧಾನ್ಯವಾದರೆ ಒಂಬತ್ತನೆಯ ಒಂದು ಭಾಗ. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಘನಫಲ. ಒಂದು ಘನ ಹಸ್ತಕ್ಕೆ ಮಗಧದ ಒಂದು ಖಾರಿ.

ಭಾಸ್ಕರನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸಮನೆಲದ ಮೇಲಿನ ರಾಶಿಯ ಸುತ್ತಳತೆ 60 ಹಸ್ತ. ದಪ್ಪ ಕಾಳಾದರೆ ಎತ್ತರ 6 ಹಸ್ತ. 60ರ ಆರನೆಯ ಭಾಗ 10, ಅದರ ವರ್ಗ 100. ಆದ್ದರಿಂದ 600 ಖಾರಿ. ಸಣ್ಣ ಕಾಳಾದರೆ ಸುಮಾರು 545, ಮುಳ್ಳುಧಾನ್ಯವಾದರೆ ಸುಮಾರು 667. ಶಂಕುವಿನ ಘನಫಲದ ಸೂತ್ರವನ್ನು ನೀವು ಹೈಸ್ಕೂಲಿನಲ್ಲಿ ಕಲಿತಿದ್ದೀರಿ. ಪೈ ಬೆಲೆಯನ್ನು 3 ಎಂದು ಹಿಡಿದು ತ್ರಿಜ್ಯದ ಬದಲು ಸುತ್ತಳತೆ ಬರೆದರೆ ಛೇದದಲ್ಲಿ 36 ಬರುತ್ತದೆ. 36 ಎಂದರೆ 6ರ ವರ್ಗ. ಗುಟ್ಟು ಅಷ್ಟೇ.

ಆದರೆ ನನಗೆ ಇದಕ್ಕಿಂತ ಕುತೂಹಲಕರವಾಗಿ ಕಾಣುವುದು 9, 10, 11 ಎಂಬ ಆ ಮೂರು ಅಂಕಿಗಳು. ಎತ್ತರವನ್ನು ತ್ರಿಜ್ಯದಿಂದ ಭಾಗಿಸಿದರೆ ರಾಶಿಯ ಇಳಿಜಾರಿನ ಟ್ಯಾಂಜೆಂಟ್ ಸಿಗುತ್ತದೆ. ಹತ್ತನೆಯ ಭಾಗಕ್ಕೆ ಕೋನ 32 ಡಿಗ್ರಿ, ಹನ್ನೊಂದಕ್ಕೆ ಸುಮಾರು 30 ಡಿಗ್ರಿ, ಒಂಬತ್ತಕ್ಕೆ ಸುಮಾರು 35 ಡಿಗ್ರಿ. ಇಂದಿನ ಕೃಷಿ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಭತ್ತವನ್ನು ಸುರಿದು ಕೋನಮಾಪಕ ಹಿಡಿದರೂ ಸಿಗುವುದು 35ರ ಆಸುಪಾಸೇ. ಇದನ್ನು ವಿರಾಮಕೋನ ಎನ್ನುತ್ತೇವೆ. ಕಾಳು ಕಾಳಿನ ನಡುವಿನ ಘರ್ಷಣೆ ಇದನ್ನು ನಿರ್ಧರಿಸುತ್ತದೆ. ಒರಟು ಸಿಪ್ಪೆಯ ಕಾಳಿನ ರಾಶಿ ಕಡಿದಾಗಿ ನಿಲ್ಲುತ್ತದೆ, ನುಣುಪು ಕಾಳಿನದು ಜಾರಿ ಅಗಲವಾಗುತ್ತದೆ. ಫ್ರಾನ್ಸಿನ ಕುಲೊಂ 1773ರಲ್ಲಿ ಮಣ್ಣಿನ ಒತ್ತಡ ಮತ್ತು ಘರ್ಷಣೆಯ ಬಗ್ಗೆ ಪ್ರಬಂಧ ಓದುವುದಕ್ಕೆ ಸಾವಿರ ವರ್ಷಗಳಿಗಿಂತಲೂ ಮೊದಲೇ ಕಣದಲ್ಲಿ ನಿಂತ ಯಾರೋ ಈ ವ್ಯತ್ಯಾಸವನ್ನು ಗಮನಿಸಿ ಅಂಕಿಗೆ ಇಳಿಸಿದ್ದರು. ಗೋಡೆಗೆ ಒರಗಿದ ರಾಶಿ, ಕೋಣೆಯ ಒಳಮೂಲೆಯ ರಾಶಿ, ಹೊರಮೂಲೆಯನ್ನು ಸುತ್ತಿದ ರಾಶಿ ಇವಕ್ಕೂ ಭಾಸ್ಕರ ನಿಯಮ ಕೊಡುತ್ತಾನೆ. ಅವು ಕ್ರಮವಾಗಿ ಶಂಕುವಿನ ಅರ್ಧ, ಕಾಲು, ಮುಕ್ಕಾಲು ಭಾಗಗಳು. ವಿದ್ಯಾರ್ಥಿಗಳಿಗೆ ಒಳ್ಳೆಯ ಲೆಕ್ಕ.

ಇನ್ನು ನಮ್ಮ ಕರಾವಳಿಗೆ ಬರೋಣ. ಇಲ್ಲಿ ವರ್ಷಕ್ಕೆ ಮಳೆ 3 ಮೀಟರಿಗೂ ಹೆಚ್ಚು. ಬಯಲುಸೀಮೆಯವರ ಹಾಗೆ ನೆಲದಲ್ಲಿ ಹಗೇವು ತೋಡಿ ಕಾಳು ಹೂಳಿಡುವುದು ಇಲ್ಲಿ ಸಾಧ್ಯವಿಲ್ಲ. ತುಳುನಾಡಿನ ಮನೆಯಂಗಳದಲ್ಲಿ ಬೈಹುಲ್ಲಿನ ಹಗ್ಗವನ್ನು ಸುತ್ತು ಸುತ್ತಾಗಿ ಏರಿಸಿ, ಒಳಗೆ ಭತ್ತ ತುಂಬಿ, ಮೇಲೆ ಹುಲ್ಲು ಹೊದಿಸಿ ತುಪ್ಪೆ ಕಟ್ಟುತ್ತಿದ್ದರು. ಅನುಕೂಲಸ್ಥರ ಮನೆಯೊಳಗೆ ಮರದ ಪತ್ತಾಯ ಇರುತ್ತಿತ್ತು. ಅಕ್ಕಿಗಾದರೆ ಮುಡಿ. ಹುಲ್ಲಿನೊಳಗೆ ಅಕ್ಕಿ ತುಂಬಿ, ಹಗ್ಗ ಬಿಗಿದು, ಸುತ್ತಲೂ ತಟ್ಟಿ ಗುಂಡಗೆ ಮಾಡಿದ ಮುಡಿ ಹುಳ ಹಿಡಿಯದೆ, ತೇವ ತಗಲದೆ ಮಳೆಗಾಲವನ್ನು ದಾಟುತ್ತಿತ್ತು. ಮುಡಿ ಬರಿಯ ಮೂಟೆಯಲ್ಲ, ಅಳತೆಯೂ ಹೌದು. 14 ಸೇರು ಒಂದು ಕಳಸೆ, 3 ಕಳಸೆ ಒಂದು ಮುಡಿ, ಅಂದರೆ 42 ಸೇರು. ದೊಡ್ಡ ಉಗ್ರಾಣದಲ್ಲಿ ಎಷ್ಟಿದೆ ಎಂದು ತಿಳಿಯಲು ರಾಶಿಯ ಗಣಿತ ಬೇಡ, ಮುಡಿಗಳನ್ನು ಎಣಿಸಿದರೆ ಸಾಕು. 16 ಮತ್ತು 17ನೆಯ ಶತಮಾನಗಳಲ್ಲಿ ಗೋವೆಯ ಪೋರ್ಚುಗೀಸರು ಈ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡಿದ್ದರು. ಅವರ ದಾಖಲೆಗಳಲ್ಲೂ ಅಕ್ಕಿಯ ಎಣಿಕೆ ‘ಫಾರ್ಡೊ’ ಎಂಬ ಮೂಟೆಗಳಲ್ಲೇ ಇದೆ.

ಆದರೆ ಒಂದು ಮುಡಿಗೆ ಎಷ್ಟು? 42 ಸೇರು ಎಂಬುದು ನಂತರದ ಕಾಲದ ರೂಢಿ. ಬಾರಕೂರು ಸೀಮೆಯ ಹಳೆಯ ಶಾಸನಗಳಲ್ಲಿ ಅಕ್ಕಿಯನ್ನು ಮೂಡೆಗಳಲ್ಲಿ ಹೇಳುವಾಗ, ಆ ಮೂಡೆಗೆ ಎಷ್ಟು ಹಾನೆ ಎಂಬುದನ್ನೂ ಕೆಲವೆಡೆ ಬಿಡಿಸಿ ಹೇಳಿರುತ್ತಾರೆ. ಹಾಗೆ ಬಿಡಿಸಿ ಹೇಳಬೇಕಾಯಿತು ಎಂದರೆ ಎಲ್ಲ ಮೂಡೆಗಳೂ ಒಂದೇ ಆಗಿರಲಿಲ್ಲ ಎಂದೇ ಅರ್ಥ. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಅಳತೆಗಳನ್ನು ಶ್ರದ್ಧೆಯಿಂದ ಗುರುತು ಮಾಡಿಕೊಂಡಿದ್ದಾನೆ.

ಇದರಲ್ಲಿ ಗೇಣಿದಾರನ ಹೊಟ್ಟೆಯ ಪ್ರಶ್ನೆ ಇತ್ತು. ದಕ್ಷಿಣ ಕನ್ನಡದಲ್ಲಿ ಗೇಣಿಯನ್ನು ಮುಡಿ ಲೆಕ್ಕದಲ್ಲಿ ಗೊತ್ತು ಮಾಡುತ್ತಿದ್ದರು. ಅಳೆಯುವವನು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುತ್ತಾನೆ. ಆ ಲಾಭ ಯಾರಿಗೆ ಎಂಬುದು ಪಾತ್ರೆಯ ಬಾಯಿಯನ್ನು ಅವಲಂಬಿಸಿತ್ತು. ಪಾತ್ರೆಯನ್ನು ಕೋಲಿನಿಂದ ಸಮ ಮಾಡಿ ಅಳೆದರೆ ಒಂದು ಲೆಕ್ಕ, ಗೋಪುರವಾಗಿ ತುಂಬಿ ಅಳೆದರೆ ಇನ್ನೊಂದು. ಗೋಪುರ ಎಂದರೆ ಭಾಸ್ಕರನ ಶಂಕುವೇ. ಭತ್ತದ 35 ಡಿಗ್ರಿ ಹಿಡಿದು ನೋಡಿ: ಬಾಯಿಯ ತ್ರಿಜ್ಯ 10 ಸೆಂ.ಮೀ. ಇದ್ದರೆ ಗೋಪುರದಲ್ಲಿ ನಿಲ್ಲುವುದು ಸುಮಾರು 730 ಘನ ಸೆಂ.ಮೀ. ತ್ರಿಜ್ಯ 15 ಸೆಂ.ಮೀ. ಆದರೆ ಸುಮಾರು 2470. ತ್ರಿಜ್ಯ ಒಂದೂವರೆ ಪಟ್ಟು, ಗೋಪುರ ಮೂರು ಪಟ್ಟಿಗೂ ಹೆಚ್ಚು! ಸಮ ಮಾಡಿದಾಗ ಎರಡು ಪಾತ್ರೆಗಳೂ ಒಂದೇ ಅಳತೆಯವು ಎಂದು ಪ್ರಮಾಣ ಮಾಡಿ ಹೇಳಬಹುದು. ಆದರೂ ಅಗಲ ಬಾಯಿಯ ಪಾತ್ರೆಯಲ್ಲಿ ಗೋಪುರ ತುಂಬಿ ತೆಗೆದುಕೊಂಡರೆ ಪ್ರತಿ ಸಲ ಒಂದೂಮುಕ್ಕಾಲು ಲೀಟರಿನಷ್ಟು ಹೆಚ್ಚು ಬರುತ್ತದೆ.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮ. ಕಾಳನ್ನು ಮೆಲ್ಲನೆ ಸುರಿದರೆ ಸಡಿಲವಾಗಿ ಕೂರುತ್ತದೆ. ಎತ್ತರದಿಂದ ಸುರಿದು ಪಾತ್ರೆಯನ್ನು ಕುಲುಕಿದರೆ ಒತ್ತಾಗಿ ಕೂರುತ್ತದೆ, ಅದೇ ಪಾತ್ರೆಗೆ ಹೆಚ್ಚು ಹಿಡಿಯುತ್ತದೆ. ಅಳೆಯುವ ಕೈ ಯಾರದು ಎಂಬುದಕ್ಕೆ ಹಳಬರು ಬೆಲೆ ಕೊಟ್ಟದ್ದು ಸುಮ್ಮನೆ ಅಲ್ಲ. ಹೀಗೆ ಮೇಲ್ಮೈಯ ಆಕಾರ ಒಂದು, ರಾಶಿಯ ಸಾಂದ್ರತೆ ಇನ್ನೊಂದು, ಈ ಎರಡು ಕಡೆ ಅಳತೆ ಸೋರುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂತು, ಧಾನ್ಯ ಅಳತೆಯಿಂದ ತೂಕಕ್ಕೆ ತಿರುಗಿತು. 1974ರ ಭೂಸುಧಾರಣೆಯಿಂದ ಗೇಣಿಯೇ ಹೋಯಿತು. ಆದರೆ ಆ ಎರಡು ಸೋರಿಕೆಗಳು ಮಾತ್ರ ಪಣಂಬೂರಿನ ಸೈಲೊದಲ್ಲಿ ಹಾಗೆಯೇ ಕುಳಿತಿವೆ. ಅದಕ್ಕೆ ಮೊದಲು ಮೂರನೆಯ ಒಂದು ತೊಡಕನ್ನು ನೋಡಬೇಕು.

ಸೈಲೊದ ತಳದಲ್ಲಿ ಒತ್ತಡಮಾಪಕ ಇಟ್ಟರೆ ಸಾಲದೇ? ನೀರಿನ ತೊಟ್ಟಿಯಲ್ಲಿ ತಳದ ಒತ್ತಡ ನೀರಿನ ಎತ್ತರಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಾಠದಲ್ಲಿ ಇದೆ. ಧಾನ್ಯಕ್ಕೂ ಹಾಗೆಯೇ ಇರಬೇಕು ಎಂದು 19ನೆಯ ಶತಮಾನದ ಎಂಜಿನಿಯರುಗಳಲ್ಲಿ ಅನೇಕರು ನಂಬಿದ್ದರು. ಇದನ್ನು ಪರೀಕ್ಷಿಸಿದವನು ಜರ್ಮನಿಯ ಬ್ರೆಮೆನ್ ನಗರದ ಯಾನ್ಸೆನ್ ಎಂಬ ಎಂಜಿನಿಯರ್. ಆತ ಮರದ ಚೌಕಾಕಾರದ ಮಾದರಿ ಸೈಲೊಗಳನ್ನು ಮಾಡಿದ. ಗೋಡೆಗಳಿಗೆ ಬೇರೆ ಆಧಾರ. ತಳದ ಹಲಗೆ ಮಾತ್ರ ಗೋಡೆಗೆ ತಗಲದಂತೆ ತಕ್ಕಡಿಯ ಮೇಲೆ. ಕಾಳು ತುಂಬುತ್ತಾ ಹೋದಂತೆ ತಕ್ಕಡಿ ಮೊದಮೊದಲು ಏರಿತು, ಆಮೇಲೆ ಏರಿಕೆ ನಿಧಾನವಾಯಿತು, ಕೊನೆಗೆ ಎಷ್ಟು ಸುರಿದರೂ ಹೆಚ್ಚುಕಡಮೆ ನಿಂತೇಹೋಯಿತು. 1895ರಲ್ಲಿ ಪ್ರಕಟವಾದ ಅವನ ಸೂತ್ರ ಈಗಲೂ ಸೈಲೊ ಕಟ್ಟುವವರ ಕೈಪಿಡಿಯಲ್ಲಿದೆ.

ಉಳಿದ ಭಾರ ಎಲ್ಲಿ ಹೋಯಿತು? ಗೋಡೆಗೆ. ಕಾಳುಗಳು ಪಕ್ಕಕ್ಕೆ ಒತ್ತುತ್ತವೆ, ಒತ್ತಿದಲ್ಲಿ ಘರ್ಷಣೆ ಹುಟ್ಟುತ್ತದೆ, ಆ ಘರ್ಷಣೆ ಮೇಲಿನ ರಾಶಿಯನ್ನು ಎತ್ತಿ ಹಿಡಿಯುತ್ತದೆ. 12 ಮೀಟರ್ ವ್ಯಾಸದ ಸೈಲೊ ಒಂದನ್ನು ಕಲ್ಪಿಸಿಕೊಳ್ಳಿ. ಗೋಡೆಯ ಘರ್ಷಣಾಂಕ 0.45, ಪಕ್ಕದ ಒತ್ತಡ ಲಂಬ ಒತ್ತಡದ ಅರ್ಧ ಎಂದು ಹಿಡಿದರೆ, ತಳದ ಒತ್ತಡ ಸುಮಾರು 13 ಮೀಟರ್ ಎತ್ತರದ ಪುಡಿಯ ಒತ್ತಡವನ್ನು ಎಂದೂ ಮೀರದು. 20 ಮೀಟರ್ ತುಂಬಿದಾಗ ಅದು 10.4 ಮೀಟರಿಗೆ ಸಮ, 40 ಮೀಟರ್ ತುಂಬಿದಾಗ 12.7ಕ್ಕೆ. ಸರಕು ಇಮ್ಮಡಿಯಾಯಿತು, ಒತ್ತಡ ಕಾಲು ಭಾಗದಷ್ಟೂ ಏರಲಿಲ್ಲ. ಸೈಲೊದ ತಳ ಹೊಟ್ಟೆ ತುಂಬಿದವರಂತೆ ಸುಮ್ಮನಿರುತ್ತದೆ, ಗೋಡೆ ನರಳುತ್ತದೆ. ಅಮೆರಿಕದ ಮಿನಿಯಾಪೊಲಿಸ್ ಬಳಿ 1899ರಲ್ಲಿ ಪೀವಿ ಎಂಬ ಧಾನ್ಯವ್ಯಾಪಾರಿ ಮತ್ತು ಹ್ಯಾಗ್ಲಿನ್ ಎಂಬ ಕಟ್ಟಡಗಾರ ಕಾಂಕ್ರೀಟಿನ ದುಂಡು ಸೈಲೊ ಕಟ್ಟಿದಾಗ, ಕಾಳು ಇಳಿಸುವ ದಿನ ಅದು ಒಡೆದುಹೋಗುತ್ತದೆ ಎಂದು ಜನ ಅದನ್ನು ಪೀವಿಯ ಮೂರ್ಖತನ ಎಂದು ಕರೆದರು. ಅದು ಒಡೆಯಲಿಲ್ಲ.

ಇದನ್ನು ನೀವು ತರಗತಿಯಲ್ಲೇ ಮಾಡಿ ತೋರಿಸಬಹುದು. 5 ಸೆಂ.ಮೀ. ವ್ಯಾಸದ, ಅರ್ಧ ಮೀಟರ್ ಉದ್ದದ ಪಿವಿಸಿ ಕೊಳವೆಯನ್ನು ಸ್ಟ್ಯಾಂಡಿಗೆ ಲಂಬವಾಗಿ ಬಿಗಿಯಿರಿ. ಕೊಳವೆಯೊಳಗೆ ಸಡಿಲವಾಗಿ ಹಿಡಿಯುವಂತೆ ಒಂದು ದುಂಡು ಮರದ ತುಂಡು ಕತ್ತರಿಸಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಿಲ್ಲಿಸಿ, ಅದರ ತುದಿ ಕೊಳವೆಯ ತಳದೊಳಗೆ ಸ್ವಲ್ಪ ಹೋಗಿರಲಿ. ಕೊಳವೆ ತಕ್ಕಡಿಗೂ ಮರಕ್ಕೂ ತಗಲಬಾರದು. ಈಗ 50 ಗ್ರಾಮಿನಂತೆ ಅಕ್ಕಿ ಸುರಿಯುತ್ತಾ ಪ್ರತಿ ಸಲ ತಕ್ಕಡಿ ತೋರಿಸುವುದನ್ನು ಬರೆದು ನಕ್ಷೆ ಎಳೆಯಿರಿ. ಮೊದಲ ಕೆಲವು ಸಲ ಏರಿ, ಆಮೇಲೆ ಗೆರೆ ಬಾಗಿ ಮಲಗುತ್ತದೆ. ಬೆರಳಿನಿಂದ ಕೊಳವೆಯನ್ನು ತಟ್ಟಿದರೆ ಏನಾಗುತ್ತದೆ ಎಂಬುದನ್ನೂ ನೋಡಿ.

ಹಾಗಾದರೆ ಇಡೀ ಸೈಲೊವನ್ನೇ, ಗೋಡೆ ಸಮೇತ, ತೂಗಬೇಕು. 1938ರಲ್ಲಿ ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಬೇರೆಬೇರೆಯಾಗಿ ಕಂಡುಹಿಡಿದ ಸ್ಟ್ರೇನ್ ಗೇಜ್ ಇದಕ್ಕೆ ದಾರಿ ಮಾಡಿತು. ಭಾರಕ್ಕೆ ಲೋಹ ಕೂದಲೆಳೆಯಷ್ಟು ಕುಗ್ಗಿದರೂ ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ಕಾಲುಗಳ ಮೇಲೆ ನಿಂತ ಸಣ್ಣ ಉಕ್ಕಿನ ಸೈಲೊಗೆ ಪ್ರತಿ ಕಾಲಿನಡಿ ಇಂಥ ಲೋಡ್ ಸೆಲ್ ಇಟ್ಟರೆ ತೂಕ ನೇರವಾಗಿ ಸಿಗುತ್ತದೆ, ಆಕಾರ ಮತ್ತು ಸಾಂದ್ರತೆಯ ಗೊಡವೆಯಿಲ್ಲ. ಆದರೆ ಸಾವಿರಾರು ಟನ್ನಿನ ಕಾಂಕ್ರೀಟ್ ಸೈಲೊ ತನ್ನ ಅಡಿಪಾಯದಿಂದಲೇ ಎದ್ದು ನಿಂತಿರುತ್ತದೆ. ಅದನ್ನು ತಕ್ಕಡಿಗೆ ಹಾಕುವುದು ಹೇಗೆ? ಅಲ್ಲಿ ಮತ್ತೆ ಎತ್ತರ ಅಳೆದು ಘನಫಲ ಹುಡುಕುವ ಹಳೆಯ ದಾರಿಯೇ ಗತಿ.

ಬಹುಕಾಲ ಇದು ಮನುಷ್ಯನ ಕೆಲಸವಾಗಿತ್ತು. ಒಬ್ಬಾತ ಸೈಲೊದ ನೆತ್ತಿಗೆ ಹತ್ತಿ, ಕಿಂಡಿ ತೆರೆದು, ಗುಂಡು ಕಟ್ಟಿದ ಟೇಪನ್ನು ಇಳಿಬಿಟ್ಟು, ಅದು ಸಡಿಲವಾದ ಕೂಡಲೇ ಓದುತ್ತಿದ್ದ. ನಂತರ ಇದೇ ಕೆಲಸಕ್ಕೆ ಮೋಟಾರು ಬಂತು. ಒಳಗೆ ಇಳಿದು ನೋಡುವುದು ಮಾತ್ರ ಸಾವನ್ನು ಕರೆದಂತೆ. ಮೇಲೆ ಗಟ್ಟಿಯಾಗಿ ಕಾಣುವ ಪುಡಿಯ ಅಡಿಯಲ್ಲಿ ಪೊಳ್ಳು ಇರಬಹುದು. ಕಾಲಿಟ್ಟವನು ಕ್ಷಣದಲ್ಲಿ ಹೂತುಹೋಗುತ್ತಾನೆ. ಧಾನ್ಯದ ಉಗ್ರಾಣದಲ್ಲಿ ಇನ್ನೊಂದು ಅಪಾಯವಿದೆ. ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಯಲುಸೀಮೆಯ ರೈತರು ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯದೆ, ಮೊದಲು ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದುದು ಇದಕ್ಕೇ.

ಟೇಪಾಗಲಿ, ಇಂದಿನ ರೇಡಾರ್ ಆಗಲಿ, ಅಳೆಯುವುದು ಮೇಲ್ಮೈಯ ಒಂದು ಬಿಂದುವಿನ ದೂರವನ್ನು. ಯಾವ ಬಿಂದು? ಇಲ್ಲಿ ಭಾಸ್ಕರನ ಶಂಕು ಮರಳಿ ಬರುತ್ತದೆ. ನಮ್ಮ 12 ಮೀಟರಿನ ಸೈಲೊಗೆ ನಡುವಿನಿಂದ ಪುಡಿ ಸುರಿದು 30 ಡಿಗ್ರಿ ಇಳಿಜಾರಿನ ರಾಶಿಯಾಗಿದೆ ಎನ್ನಿ. ಗೋಪುರದ ಎತ್ತರ ಸುಮಾರು 3.5 ಮೀಟರ್. ಸರಿಯಾಗಿ ನಡುವೆ ಟೇಪು ಬಿಟ್ಟು, ಮೇಲ್ಮೈ ಎಲ್ಲೆಡೆ ಅಷ್ಟೇ ಎತ್ತರದಲ್ಲಿದೆ ಎಂದು ಲೆಕ್ಕ ಹಾಕಿದರೆ ಇಲ್ಲದ 260 ಘನ ಮೀಟರ್ ಇದ್ದಂತೆ ಕಾಣುತ್ತದೆ. ಘನ ಮೀಟರಿಗೆ 1.4 ಟನ್ನಿನಂತೆ ಅದು 365 ಟನ್, ಏಳು ಸಾವಿರ ಚೀಲಗಳಿಗಿಂತ ಹೆಚ್ಚು! ಗೋಡೆಯ ಪಕ್ಕದಲ್ಲೇ ಬಿಟ್ಟರೆ ಇದರ ಅರ್ಧದಷ್ಟು ಕಡಮೆ ತೋರಿಸುತ್ತದೆ. ಶಂಕುವಿನ ಸರಾಸರಿ ಎತ್ತರ ಅದರ ಶಿಖರದ ಮೂರನೆಯ ಒಂದು ಭಾಗ. ಇಳಿಜಾರು ಆ ಎತ್ತರಕ್ಕೆ ಬರುವುದು ನಡುವಿನಿಂದ ತ್ರಿಜ್ಯದ ಮೂರನೆಯ ಎರಡು ಭಾಗ ದೂರದಲ್ಲಿ, ಅಂದರೆ ಇಲ್ಲಿ 4 ಮೀಟರಿನಲ್ಲಿ. ತಳದ ನಡುವಿನಿಂದ ಸರಕು ತೆಗೆದು ಮೇಲೆ ತಗ್ಗು ಬಿದ್ದಾಗಲೂ, ಆ ತಗ್ಗು ತಲೆಕೆಳಗಾದ ಶಂಕುವಾದ್ದರಿಂದ, ಇದೇ ಬಿಂದು ಸರಾಸರಿಯನ್ನು ಕೊಡುತ್ತದೆ. ಒಂದೇ ಉಪಕರಣ ಇಡುವುದಾದರೆ ಗೋಡೆಗೂ ನಡುವಿಗೂ ಮಧ್ಯೆ, ಗೋಡೆಯ ಕಡೆಗೆ ಸರಿಸಿ ಇಡುವುದೇಕೆ ಎಂಬುದಕ್ಕೆ ಉತ್ತರ ಇದು. ರೇಡಾರಿನ ತರಂಗದೂರ ಚಿಕ್ಕದಾದಷ್ಟೂ ಅದರ ಕಿರಣ ಕಿರಿದಾಗುತ್ತದೆ. 80 ಗಿಗಾಹರ್ಟ್ಸ್ ರೇಡಾರುಗಳು ಧೂಳಿನ ನಡುವೆಯೂ, ಗೋಡೆಗೆ ತಾಗದಂತೆ, ಬೇಕಾದ ಬಿಂದುವನ್ನೇ ನೋಡಬಲ್ಲವು. ಮೇಲ್ಮೈಯ ಉಬ್ಬುತಗ್ಗುಗಳನ್ನು ಹಲವು ಬಿಂದುಗಳಲ್ಲಿ ಅಳೆದು ಚಿತ್ರ ಬಿಡಿಸುವ ಉಪಕರಣಗಳೂ ಬಂದಿವೆ. ಆಕಾರದ ತೊಡಕು ಬಹುಮಟ್ಟಿಗೆ ಬಗೆಹರಿದಿದೆ ಎನ್ನಬಹುದು.

ಸಾಂದ್ರತೆಯದು ಬಗೆಹರಿದಿಲ್ಲ. ಕೊಳವೆಯಲ್ಲಿ ಗಾಳಿಯೊಡನೆ ಬಂದ ಸಿಮೆಂಟ್ ಕಣಗಳ ನಡುವೆ ಗಾಳಿ ಉಳಿದು ಹಾಲಿನಂತೆ ಮಟ್ಟವಾಗಿ ಹರಡಿಕೊಳ್ಳುತ್ತದೆ. ಗಂಟೆಗಳು ಕಳೆದಂತೆ ಗಾಳಿ ಹೊರಬಿದ್ದು ಅದು ಕುಗ್ಗುತ್ತದೆ. ರಾತ್ರಿ 1000 ಟನ್ ತುಂಬಿದಾಗ ಸಾಂದ್ರತೆ ಘನ ಮೀಟರಿಗೆ 1.2 ಟನ್ ಇದ್ದು, ಬೆಳಗಾಗುವಾಗ 1.4 ಆಯಿತೆನ್ನಿ. ನಮ್ಮ ಸೈಲೊದಲ್ಲಿ 7.4 ಮೀಟರ್ ಇದ್ದ ಮಟ್ಟ 6.3ಕ್ಕೆ ಇಳಿದಿರುತ್ತದೆ. ಒಂದು ಚಮಚ ಸಿಮೆಂಟ್ ಹೊರಗೆ ಹೋಗಿಲ್ಲ, ಆದರೆ ಒಂದು ಮೀಟರ್ ಕಾಣೆ! ರೇಡಾರ್ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಾಗಿಯೇ ಅಳೆದಿದೆ. ತಪ್ಪಿರುವುದು ನಾವು ಗುಣಿಸಿದ ಅಂಕಿ. ಕಟ್ಟಡ ಕೆಲಸದಲ್ಲಿ ನಾವೆಲ್ಲ ಕಣ್ಣುಮುಚ್ಚಿ ಬಳಸುವ ಘನ ಮೀಟರಿಗೆ 1440 ಕೆ.ಜಿ. ಎಂಬ ಸಂಖ್ಯೆ ಸೈಲೊದೊಳಗಿನ ಎಲ್ಲ ಎತ್ತರಕ್ಕೂ, ಎಲ್ಲ ಹೊತ್ತಿಗೂ ಸಲ್ಲುವುದಿಲ್ಲ. ಕಳಸೆಯನ್ನು ಕುಲುಕಿ ಅಳೆಯುತ್ತಿದ್ದವನು ನೆಚ್ಚಿಕೊಂಡಿದ್ದ ಗುಣ ಇದೇ.

ಪಣಂಬೂರಿನಲ್ಲೇ ಈ ತೊಡಕನ್ನು ಬೇರೊಂದು ರೀತಿಯಲ್ಲಿ ದಾಟಿದ್ದ ಉದಾಹರಣೆ ಇದೆ. ಕುದುರೆಮುಖದ ಕಬ್ಬಿಣದ ಅದಿರಿನ ಪುಡಿ 2005ರ ಕೊನೆಯವರೆಗೆ ಸುಮಾರು 67 ಕಿ.ಮೀ. ಕೊಳವೆಯಲ್ಲಿ ನೀರಿನೊಡನೆ ಕೆಸರಾಗಿ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. ಕಲಕುತ್ತಲೇ ಇರುವ ಕೆಸರು ದ್ರವದಂತೆ ವರ್ತಿಸುತ್ತದೆ. ಅದರ ಮಟ್ಟ ಮತ್ತು ಸಾಂದ್ರತೆ ಗೊತ್ತಾದರೆ ಒಳಗಿನ ಪುಡಿಯ ತೂಕ ಸಿಗುತ್ತದೆ. ಸಿಮೆಂಟಿಗೆ ಮಾತ್ರ ಈ ಉಪಾಯ ನಡೆಯದು, ಕಾರಣ ಹೇಳಬೇಕಾಗಿಲ್ಲ.

ಆದ್ದರಿಂದ ಸೈಲೊ ನೋಡಿಕೊಳ್ಳುವವರು ಕಾಯುವುದು ಅದು ಪೂರ್ತಿ ಬರಿದಾಗುವ ದಿನಕ್ಕಾಗಿ. ಮುಂದಿನ ಹಡಗು ಬರುವ ಮೊದಲು ಗೋಡೆಗೆ ಅಂಟಿದ್ದನ್ನೂ ಉದುರಿಸಿ ಖಾಲಿ ಮಾಡಿದಾಗ ಒಳಗಿರುವುದು ಎಷ್ಟು ಎಂಬುದು ನಿಸ್ಸಂದೇಹವಾಗಿ ಗೊತ್ತಿರುತ್ತದೆ: ಸೊನ್ನೆ. ಪುಸ್ತಕದಲ್ಲಿ ಆ ದಿನ ಉಳಿದ ಅಂಕಿಯೇ ಹಿಂದಿನ ಎಲ್ಲ ಹಡಗುಗಳ, ಎಲ್ಲ ಲಾರಿಗಳ ಅಳತೆಯ ತಪ್ಪಿನ ಮೊತ್ತ. ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಗೆರೆ ಎಳೆದು, ಹೊಸ ಹಡಗಿನ ಲೆಕ್ಕ ಶುರುಮಾಡುತ್ತಾರೆ.